ಮೂಗಮ್ಮನ ಗಡಿಯಾರ ನಿಂತಿದ್ದು

ಆಣೆ ಇಡು ಕಾಂಚನಾ! ಗೌರಸಮುದ್ರದ ಮಾರಮ್ಮನ ಆಣೆ, ಯಾರ ಹತ್ರನೂ ಬಾಯಿ ಬಿಡಲ್ಲ ಅನ್ನು. ನಿನ್ನ ಗಂಡನ ಹತ್ರನೂ! ಗಡಿಯಾರ ರಿಪೇರಿ ಮಾಡೋನು ನಾಗರಾಜನೇ ಆದ್ರೂ ಅಷ್ಟೆ... ಹ್ಞಾಂ, ಈಗ ಕೇಳು.

ನಮ್ಮ ಪಕ್ಕದ್ಮನೆ ಮೂಗಮ್ಮನ ಗೋಡೆ ಗಡಿಯಾರ, ನಿಮ್ಮಂಗಡೀಗೆ ಬಂದೈತಲ್ಲ, ಅದೇ! ಅವರ ಮಾವನ ಕಾಲದ್ದು. ಅದು ಢಣ್ ಅಂದ್ರೆ ಮಗ ಮುತ್ತುರಾಜ್ ಸೀರೆ ನೇಯಾಕೆ ಮಗ್ಗದ ಗುಣಿಗೆ ಇಳೀಬೇಕು, ಢಣ್ ಅಂದ್ರೆ ಉಣ್ಣಾಕೆ ಏಳ್ಬೇಕು. ಮನೆಮಂದೀಗೆಲ್ಲ ಅದೇ ಕೀ ಕೊಟ್ಟಂಗೆ! ಅದಕ್ಕೆ ಕೀ ಕೊಡೋದು ಮಾತ್ರ ಮೂಗಮ್ಮನೇ. ಕೀ ಎಲ್ಲಿಡ್ತಾಳೆ ಗೊತ್ತಾ? ಸೊಂಟದಾಗೆ, ಎಲೆಅಡಿಕೆ ಚೀಲದಾಗೆ! ನಗಬೇಡ್ವೇ, ನಿಜ!

ಸೊಸೆ ಚಿತ್ರಾ ಬಂದು ಇನ್ನೂ ತಿಂಗಳಾಗಿಲ್ಲ, ಗಡಿಯಾರ ನಿಂತೋಯ್ತು. ಅತ್ತೆ ಏನಂದ್ಲು? "ಇವಳ ಕಾಲ್ಗುಣ! ಅತ್ತಾಗೆ ರಾಂಪುರಕ್ಕೇ ಕಳಿಸ್ತೀನಿ, ತವರಾಗೇ ಬಿದ್ದಿರಲಿ" ಅಂದ್ಲು. ಪಾಪ, ಆ ಹುಡುಗಿ ಅತ್ತೂ ಅತ್ತೂ ಮುಖ ಊದಿ ಬೋಂಡಾ ಆಗೈತೆ. ಮುತ್ತುರಾಜನೋ, ಬಾಯಾಗೆ ರೇಷ್ಮೆ ಎಳೆ ಸಿಕ್ಕಂಗೆ ಸುಮ್ಕೆ! "ಅಕ್ಕಾ, ಕಬ್ಬಿಣದ ಚಕ್ರಕ್ಕೂ ಸೊಸೆ ಕಾಲಿಗೂ ಏನ್ ಸಂಬಂಧ?" ಅಂತ ಮುಖಕ್ಕೆ ಹೊಡ್ದಂಗೆ ಹೇಳ್ಬೇಕು ಅಂತಿದ್ದೆ... ಹೇಳ್ಲಿಲ್ಲ. ಊರ ಉಸಾಬರಿ ನಂಗ್ಯಾಕೆ!

ಅಂದಂಗೆ, ನಾಗರಾಜ ಬಿಚ್ಚಿ ನೋಡಿದ್ನಾ? ನೋಡಿದ್ನಾ!... ಏನೈತಂತೆ? ಎಣ್ಣೆ? ಇರುವೆ ಬೇರೆನಾ? ಅಯ್ಯಯ್ಯೋ! ಆ ಹುಡುಗೀದೇ ಕೆಲಸ ಬಿಡು. ಕಿರ್ ಕಿರ್ ಅಂತೈತೆ ಅಂತ ಶೇಂಗಾ ಎಣ್ಣೆ ಬಿಟ್ಟವಳೆ. ಅದೂ ಕೋಳಿಪುಕ್ಕದಾಗೆ ಹಚ್ಚಿದ್ರೆ ಸಂದಿಗೊಂದೀಗೆಲ್ಲ ಇಳೀತೈತೆ ಅಲ್ವಾ...

ಯಾಕೆ ಹುಬ್ಬು ಗಂಟಿಕ್ತೀಯ?

ಶೇಂಗಾದ್ದು ಅಂತ ನೀನು ಹೇಳ್ಲಿಲ್ವಾ? ಎಣ್ಣೆ ಅಂದೆ, ಅಷ್ಟೇನಾ... ಪುಕ್ಕದ್ದೂ ಹೇಳ್ಲಿಲ್ವಾ? ಹೂಂ, ಅವರ ಮನ್ಯಾಗೆ ಸೊಸೈಟಿ ಪಾಮಾಯಿಲ್ಲೇ, ಗೊತ್ತು ಕಣೆ. ಕೋಳೀನೂ ಸಾಕಲ್ಲ. ಬೀದೀಗೆಲ್ಲ ಕೋಳಿ ಸಾಕೋಳು ನಾನೊಬ್ಳೇ, ಅದಕ್ಕೇನೀಗ? ಎಲ್ರೂ ರಾಂಪುರಕ್ಕೆ ಮುತ್ತುರಾಜನ ಮದುವೆಗೆ ಹೋದಾಗ ಮನೆ ಬೀಗದ ಕೈ ನನ್ಹತ್ರ ಕೊಟ್ಟಿದ್ರು, ಅದಕ್ಕೇನೀಗ? ನಮ್ಮಣ್ಣ ಚಳ್ಳಕೆರೆ ಮಿಲ್ಲಿಂದ ತಂದ ತಾಜಾ ಎಣ್ಣೆ, ಒಂದೀಟು ಕಲಬೆರಕೆ ಇಲ್ಲ...

ಹಂಗೆ ನೋಡಬೇಡ್ವೇ!

ಅಯ್ಯೋ, ಬಾಗ್ಲಿಗೆ ಯಾರೋ ಬಂದ್ರು... ಮೂಗಮ್ಮ! ಗಡಿಯಾರ ಕೇಳಾಕೆ ಬಂದವಳೆ. ಹಿಂದೆ ಚಿತ್ರಾ... ಕೈಯಾಗೆ ಬ್ಯಾಗು. ರಾಂಪುರದ ಬಸ್ಸಿಗೇ ಹೊರಟಂಗೈತೆ...

ನೀನ್ಯಾಕೆ ಎದ್ದೆ? ಕಾಂಚನಾ, ಕೂತ್ಕೊ. ಆಣೆ ಇಟ್ಟಿದ್ದೀಯ! ಮಾರಮ್ಮನ ಆಣೆ ಕಣೆ! ಕಾಂಚ...