ಹಾಲಮ್ಮನ ತಾರಸಿ

ಎಪ್ಪತ್ತೊಂಬತ್ತರ ಏಪ್ರಿಲ್. ಹಗರೆಯಲ್ಲಿ ಬೇಲೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಗುರುಸಿದ್ದಮ್ಮ, ರುದ್ರಮ್ಮ ಎಂಬ ಇಬ್ಬರು ಗೆಳತಿಯರು ತಮ್ಮ ನೆರೆಮನೆಯ ಹಾಲಮ್ಮನನ್ನು ಆಡಿಕೊಳ್ಳುತ್ತಿದ್ದರು. ಗುರುಸಿದ್ದಮ್ಮನ ದನಿಯೇ ಜೋರು.

“ಚೆನ್ನಾಗಿದ್ದ ಹೆಂಚು ಇಳಿಸಿ ತಾರಸಿ ಹಾಕಿಸ್ಕಂಡವ್ಳೆ ಕಣೇ ರುದ್ರಿ. ಒಳಗೆ ಕಾಲಿಟ್ರೆ ಬೆಂದೋಗ್ತೀವಿ.”

“ಅದಕ್ಕೇ ಗಂಡ ಹೆಂಡ್ತಿ ಕೊಟ್ಟಿಗೇಲಿ ದನದ ಜೊತೆ ಮಲಗ್ತಾರಂತೆ.”

“ಅಂಗಳದ ತೆಂಗಿನ ಮರಾನೂ ಕಡಿಸಿದ್ಲು. ಯಾಕೆ? ಗುಲಾಬಿ ಗಿಡಕ್ಕೆ ನೆರಳಾಗ್ತದಂತೆ!”

“ಬಿಸಿಲಿಗೆ ಆ ಗುಲಾಬೀನೂ ಒಣಗೋಯ್ತು. ಮೊನ್ನೆ ಚಟ್ನಿಗೆ ಕಾಯಿ ಕೇಳ್ಕಂಡು ನಮ್ಮನೆಗೆ ಬಂದಿದ್ಲು.”

“ಕೊಟ್ಯಾ?”

“ಒಂದು ಹೋಳು ಕೊಟ್ಟೆ. ಅವಳ ಜಂಬಕ್ಕೆ ಅಷ್ಟು ಸಾಕು.”

ಪಡುವಣದಲ್ಲಿ ಗುಡುಗಿತು. ಇಬ್ಬರೂ ತಲೆಯೆತ್ತಿ ನೋಡಿದರು.

“ಅಯ್ಯೋ ರುದ್ರಿ, ಮಳೆ ಬತ್ತದಲ್ಲೇ! ನಮ್ಮ ಸಂಡಿಗೆ?”

“ಎಲ್ಲಾ ಹಾಲಮ್ಮನ ತಾರಸಿ ಮೇಲೇ ಐತಲ್ಲ. ಕಾಗೆ ಓಡಿಸ್ತಾ ಅವಳೇ ಕೂತವ್ಳೆ.”

“ತೆಗೆದಿಡ್ತಾಳಾ?”

“ನಮ್ಮಿಬ್ರುದೂ ಒಳಗಿಟ್ಟ ಮೇಲೇ ಅವಳು ತನ್ನದು ಮುಟ್ಟೋದು.”

ಬಸ್ಸು ಬಂತು. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಾ ಗುರುಸಿದ್ದಮ್ಮ ಅಂದಳು:

“ಅದಕ್ಕೇ ಅನ್ನೋದು, ಬುದ್ಧಿ ಇಲ್ಲ ಕಣೇ ಅವಳಿಗೆ.”