ಬೆಂಕಿಪೊಟ್ಟಣದ ಹುಳಗಳು

ಚರ್ಮದ ಡಾಕ್ಟರ ಕೋಣೆಯಿಂದ ಹೊರಬಂದ ಅಕ್ಕತಂಗಿಯರು ನನ್ನ ಪಕ್ಕದ ಬೆಂಚಿನಲ್ಲಿ ದಬಕ್ಕನೆ ಕೂತರು. ಅಕ್ಕನ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಟೈಲರಂಗಡಿಯಿಂದ ಹಾಗೇ ಎದ್ದು ಬಂದಿರಬೇಕು. ತೋಳಿನ ತುಂಬ ಕೆರೆದ ಗಾಯ, ಮುಷ್ಟಿಯಲ್ಲಿ ಬೆಂಕಿಪೊಟ್ಟಣ.

“ಮೈಯಿಂದ ಕಿತ್ತು ತಂದ ಹುಳ ತೋರಿಸಿದ್ರೆ ನೂಲು ಅಂತಾನೆ! ಇಡೀ ಜನ್ಮ ಹೊಲಿದೋಳಿಗೆ ನೂಲು ಗೊತ್ತಾಗಲ್ವಾ?”

“ಮೆಲ್ಲಗೆ, ಅಕ್ಕಾ.”

“ಮನಸ್ಸಿನ ಡಾಕ್ಟರ ಹತ್ರ ಹೋಗ್ಬೇಕಂತೆ. ನಂಗೇನು ತಲೆ ಕೆಟ್ಟಿದ್ಯಾ?”

“ಕೆರೆತ ನಿಜ ಅಂದ್ರಲ್ಲ. ಹುಳ ಇಲ್ಲ ಅಂದ್ರು, ಅಷ್ಟೆ.”

“ಓಹೋ, ನೀನೂ ಅವನ ಕಡೆ! ಹಾಗಾದ್ರೆ ದಿನಾ ಹೊದಿಕೆ ಯಾಕೆ ಕುದಿಸ್ದೆ? ಹಾಸಿಗೆ ಯಾಕೆ ಸುಟ್ಟೆ?”

ತಂಗಿಯ ದನಿಯೂ ಏರಿತು. “ನೀನು ಒಂಚೂರು ನಿದ್ದೆ ಮಾಡ್ಲಿ ಅಂತ! ಒಂದಿನಾನೂ ಹುಳ ಕಂಡಿಲ್ಲ ನಂಗೆ!”

“ಮತ್ತೆ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು?”

“ಹುಳ ಇಲ್ಲ ಅಂದೋರನ್ನೆಲ್ಲ ಮನೆಯಿಂದ ಆಚೆ ಅಟ್ಟಿದ್ಯಲ್ಲ. ನನ್ನೂ ಅಟ್ಟಿದ್ರೆ ನಿಂಗ್ಯಾರಿದ್ರು?”

ಅಕ್ಕ ಕೆರೆಯುವುದನ್ನು ನಿಲ್ಲಿಸಿದಳು. ತಂಗಿ ಎದ್ದು, ಮನಸ್ಸಿನ ಡಾಕ್ಟರಿದ್ದ ಮಹಡಿಯ ಮೆಟ್ಟಿಲ ಕಡೆ ತಿರುಗಿ ಕೈ ಚಾಚಿದಳು. ಅಕ್ಕ ಆ ಕೈಗೆ ಬೆಂಕಿಪೊಟ್ಟಣವನ್ನು ತುರುಕಿದಳು.

“ಬಿಗಿಯಾಗಿ ಹಿಡ್ಕೊ. ಆಚೆ ಬಂದ್ರೆ ನಿಂಗೂ ಹತ್ತುತ್ವೆ.”

ತಂಗಿ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಇಬ್ಬರೂ ಮೆಟ್ಟಿಲು ಹತ್ತಿದರು.