ಹಸಿರು ನೀರಿನ ಹೆಪ್ಪು

ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ, ಹೆಂಗಸರ ಬೋಗಿಯಲ್ಲಿ ಕೂತಿದ್ದ ಸುಹೈರ್‌ಗೆ ಪರರ ಮಾತಿಗೆ ಕಿವಿಗೊಡುವ ಚಾಳಿ ಇರಲಿಲ್ಲ. ಆದರೆ ಎದುರು ಕೂತ ಇಬ್ಬರು ಓರಗಿತ್ತಿಯರಲ್ಲಿ ಕಿರಿಯವಳು ಅಳುಮೋರೆ ಹಾಕಿಕೊಂಡಿದ್ದಳು.

“ಫೋನಲ್ಲಿ ಪೂರ್ತಿ ಹೇಳೋಕಾಗಲಿಲ್ಲ ಅಕ್ಕಾ. ರಂಜಾನ್ ಹತ್ರ ಬಂತಲ್ಲ ಅಂತ ಬಾಲ್ಕನಿ ತೊಳೆದೆ. ಅಲ್ಲಿ ಇವರದೊಂದು ಹಸಿರು ನೀರಿನ ಬಾಟಲಿ ಇತ್ತು. ಕೊಳೆತಿದೆ ಅಂದ್ಕೊಂಡು ಚೆಲ್ಲಿ, ಸೋಪು ಹಾಕಿ ಉಜ್ಜಿಟ್ಟೆ.”

“ಅಯ್ಯೋ ಇಕ್ರಾಮ್! ಅದ್ರಲ್ಲಿ ಮೀನಿಗೆ ಅಂತ ಸಾಕಿದ ಹುಳ ಇರ್ತಾವೆ ಕಣೇ.”

“ನಂಗೇನು ಗೊತ್ತು? ಧೂಳಿನ ಥರ ಕಾಣ್ತಿತ್ತು. ಈಗ ಆ ಮೀನು ಬೇರೇನು ಹಾಕಿದ್ರೂ ಮೂಸಿ ನೋಡಲ್ಲ. ಇವರು ಬೈಯಲೂ ಇಲ್ಲ, ಮೀನಿನ ತೊಟ್ಟಿ ಮುಂದೆ ಸುಮ್ನೆ ಕೂತಿರ್ತಾರೆ.”

“ಬೈದಿದ್ರೆ ವಾಸಿ ಇತ್ತು.”

“ಮತ್ತೆ ಹುಳ ಬೆಳೆಸೋಕೆ, ಹೆಪ್ಪಿಗೆ ಅಂತ ಒಂಚೂರು ಭಾವನ್ನ ಕೇಳಿ ಅಂದೆ. ಅಣ್ಣನ ಹೊಸಿಲು ತುಳಿಯಲ್ಲ ಅಂದ್ರು.”

“ನಿನ್ನ ಭಾವ ಏನು ಕಮ್ಮಿನಾ? ಅಪ್ಪನ ಅಂಗಡಿ ಮಾರಿದಾಗಿಂದ ತಮ್ಮನ ಹೆಸರೆತ್ತಿದ್ರೆ ಉರಿದು ಬೀಳ್ತಾರೆ.”

ಹಿರಿಯವಳು ಚೀಲದಿಂದ ಬಾಟಲಿಯೊಂದನ್ನು ತೆಗೆದಳು. ತಿಳಿಹಸಿರು ನೀರಲ್ಲಿ ಬಿಳಿ ಚುಕ್ಕೆಗಳು ಪುಟಪುಟ ಜಿಗಿಯುತ್ತಿದ್ದವು.

“ಕದ್ದು ತಂದ್ಯಾ ಅಕ್ಕಾ?”

“ನಾನ್ಯಾಕೆ ಕದೀಲಿ? ನಿನ್ನ ಭಾವನೇ ತುಂಬಿಸಿಕೊಟ್ರು. ಮುಚ್ಚಳ ಬಿಗಿ ಮಾಡ್ಬಾರ್ದಂತೆ, ಉಸಿರು ಕಟ್ಟುತ್ತಂತೆ. ಅವರು ಕೊಟ್ಟಿದ್ದು ಅಂತಲೂ ಹೇಳ್ಬಾರ್ದಂತೆ.”

“ಎಲ್ಲಿಂದ ಬಂತು ಅಂತ ಇವರು ಕೇಳಿದ್ರೆ?”

“ಕೇಳಲ್ಲ ಬಿಡು. ಈ ಹುಳ ನಮ್ಮನೆ ಬಿಟ್ರೆ ಬೇರೆ ಯಾರ ಮನೇಲಿದೆ? ಬಾಟಲಿ ಮಾತ್ರ ವಾಪಸ್ ಬೇಕಂತೆ. ರಂಜಾನ್ ಮೊದಲ ದಿನ, ಇಫ್ತಾರ್ ಊಟದ ಹೊತ್ತಿಗೆ.”

“ನಾನೇ ತಂದ್ಕೊಡ್ತೀನಿ.”

ಟ್ರಾಮು ನಿಂತಿತು. ಸುಹೈರ್ ಕಾಲು ಮಡಚಿ ದಾರಿ ಬಿಟ್ಟಳು. ಎರಡೂ ಕೈಯಲ್ಲಿ ಬಾಟಲಿ ಹಿಡಿದಿದ್ದ ಇಕ್ರಾಮಳನ್ನು ಹಿರಿಯವಳು ಬಾಗಿಲ ಕಡೆ ಮೆಲ್ಲನೆ ನೂಕಿದಳು.

“ಬಾಟಲಿ ತರಬೇಕಾದ್ದು ನೀನಲ್ಲ ಕಣೇ, ಪೆದ್ದಿ.”